ಎಡಿಎಚ್‌ಡಿ ಮಾತ್ರೆ ತಗೊಳ್ಳೋರು ಬೀಗರೂಟಕ್ಕೆ ಹೋದ್ರೆ ಏನ್ ಮಾಡ್ಬೇಕು

ನಮ್ ತುಮಕೂರು ಕಡೆ ಬೀಗರೂಟ ಅಂದ್ರೆ ಮುದ್ದೆ ಮಟನ್ ಒಂದೇ ಅಲ್ಲ, ಶಾಮಿಯಾನದ ಹಿಂದೆ ನಿಲ್ಸಿರೋ ಕಾರಿನ ಡಿಕ್ಕಿ ಹತ್ರ ಏನ್ ನಡೀತಿರತ್ತೆ ಅಂತ ಎಲ್ರಿಗೂ ಗೊತ್ತು. ಎಡಿಎಚ್‌ಡಿಗೆ (ಗಮನ ಒಂದ್ಕಡೆ ನಿಲ್ದೇ ಇರೋ, ಚಡಪಡಿಕೆಯ ತೊಂದರೆ) ಕೊಡೋ ಮೀಥೈಲ್‌ಫೆನಿಡೇಟ್ ಮಾತ್ರೆ ತಗೊಳ್ಳೋರು ಆ ಕಡೆ ಹೋಗೋಕ್ ಮುಂಚೆ ಇದನ್ನೊಂದ್ಸಲ ಓದಿ. ಮಾತ್ರೆ ತಗೊಂಡ ದಿನ ಕುಡೀಬೇಡಿ, ಅಷ್ಟೇ.

ಎಣ್ಣೆ ಮಂಕು ಮಾಡತ್ತೆ, ಮಾತ್ರೆ ಚುರುಕು ಮಾಡತ್ತೆ, ಎರಡೂ ಸೇರಿದ್ರೆ ಸಮ ಆಗಲ್ವಾ ಅಂತ ಕೇಳೋರಿದಾರೆ. ಆಗಲ್ಲ ಸ್ವಾಮಿ. ಮಾತ್ರೆ ನಿಮ್ಗೆ ನಶೆ ಏರಿರೋದನ್ನ ಮುಚ್ಚಿಡತ್ತೆ, ರಕ್ತದಲ್ಲಿರೋ ಆಲ್ಕೋಹಾಲ್ ಒಂಚೂರೂ ಕಮ್ಮಿ ಆಗಿರಲ್ಲ. 42.8% ವಿಸ್ಕಿ ಒಂದು ನೈಂಟಿ ಅಂದ್ರೆ ಹತ್ರತ್ರ 30 ಗ್ರಾಂ ಆಲ್ಕೋಹಾಲ್, ಅದನ್ನ ಕರಗ್ಸೋಕೆ ಲಿವರ್‌ಗೆ ಮೂರ್ನಾಲ್ಕು ಗಂಟೆ ಬೇಕು, ನಿಮ್ಗೆ ಏನೂ ಆಗಿಲ್ಲ ಅನ್ಸತ್ತೆ, ಇನ್ನೊಂದು ಹಾಕ್ತೀರ, ಆಮೇಲೆ ಮಾತ್ರೆ ಪವರ್ ಇಳಿದ ತಕ್ಷಣ ಎಲ್ಲಾ ಒಟ್ಟಿಗೆ ತಲೆಗೇರತ್ತೆ. ಅಷ್ಟೊತ್ತಿಗೆ ನೀವು ಕ್ಯಾತ್ಸಂದ್ರ ಹತ್ರ ಹೈವೇಲಿ ಬೈಕ್ ಮೇಲಿದ್ರೆ? ಪೊಲೀಸ್ ಮಿಷನ್‌ಗೆ ಮಾತ್ರೆ ಗೀತ್ರೆ ಗೊತ್ತಾಗಲ್ಲ, 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದ್ರೆ ಕೇಸೇ.

ಇನ್ನು ಎರಡೂ ಒಟ್ಟಿಗೆ ಸಿಕ್ಕಿದ್ರೆ ಲಿವರ್‌ನಲ್ಲಿ ಎಥೈಲ್‌ಫೆನಿಡೇಟ್ ಅಂತ ಬೇರೆ ಕೆಮಿಕಲ್ ಹುಟ್ಟತ್ತೆ, ಮಾತ್ರೆ ಅಂಶಾನೂ ರಕ್ತದಲ್ಲಿ ಮಾಮೂಲಿಗಿಂತ ಜಾಸ್ತಿ ಏರತ್ತೆ. ಎದೆ ಡವಡವ, ಬಿಪಿ, ಗಾಬರಿ ಎಲ್ಲಾ ಅದರ ಹಿಂದೇನೇ ಬರತ್ತೆ. ನಿಧಾನಕ್ಕೆ ಬಿಡೋ ಕೆಲವು ಕ್ಯಾಪ್ಸೂಲ್ ಅಂತೂ ಆಲ್ಕೋಹಾಲ್ ತಾಗಿದ್ರೆ ದಿನವಿಡೀ ಬಿಡ್ಬೇಕಾಗಿದ್ದನ್ನ ಬೇಗ ಸುರಿದುಬಿಡತ್ತೆ.

ಬೆಳಗ್ಗೆ ತಾನೇ ತಗೊಂಡಿದ್ದು, ಈಗ ಸಂಜೆ ಅಂದ್ರೆ ಲೆಕ್ಕ ತಪ್ಪತ್ತೆ, ಲಾಂಗ್ ಆ್ಯಕ್ಟಿಂಗ್ ಮಾತ್ರೆ 8ರಿಂದ 12 ಗಂಟೆ ಕೆಲ್ಸ ಮಾಡತ್ತೆ. ಫಂಕ್ಷನ್‌ಗೋಸ್ಕರ ಮಾತ್ರೆ ಬಿಡೋದನ್ನೂ ನೀವೇ ಡಿಸೈಡ್ ಮಾಡ್ಬೇಡಿ. ಇದು ಶೆಡ್ಯೂಲ್ ಎಕ್ಸ್ ಔಷಧಿ, ಅಂದ್ರೆ ಡಾಕ್ಟ್ರ ಚೀಟಿ ಇಲ್ದೆ ಅಂಗಡೀಲಿ ಕೊಡಂಗಿಲ್ಲ, ಆ ಚೀಟಿಗೆ ಹೆಂಗೂ ಡಾಕ್ಟ್ರ ಹತ್ರ ಹೋಗ್ತೀರಲ್ಲ, ಎಷ್ಟು ಕುಡೀತೀನಿ ಅಂತ ಆಗ್ಲೇ ನಿಜ ಹೇಳಿ ಕೇಳ್ಕೊಳ್ಳಿ.

ಮಾವಂದಿರು ಬಿಡಲ್ಲ ಅನ್ನೋದೇ ದೊಡ್ಡ ತಲೆನೋವು. ಎಡಿಎಚ್‌ಡಿ ಅಂತ ವಿವರಿಸೋಕ್ ಹೋದ್ರೆ ನಿಂಗೇನೋ ಆಗಿದೆ ಚೆನ್ನಾಗೇ ಇದೀಯಲ್ಲ ಅಂತಾರೆ. "ಜಾಂಡೀಸ್‌ಗೆ ನಾಟಿ ಔಷಧಿ ತಗೊಂಡಿದೀನಿ ಮಾವ, ಪಥ್ಯ" ಅನ್ನಿ, ಗ್ಲಾಸ್ ವಾಪಸ್ ಹೋಗತ್ತೆ. ಆದ್ರೆ ಮಟನ್ನೂ ಹೋಗತ್ತೆ, ಅದು ನೋಡ್ಕೊಳ್ಳಿ. ಡ್ರೈವಿಂಗ್ ನಂದೇ ಅನ್ನೋದು ಸೇಫು.

ಆಗ್ಲೇ ಕುಡಿದಾಗಿದ್ರೆ ಅಲ್ಲಿಗೇ ನಿಲ್ಸಿ, ಊಟ ಮಾಡಿ, ನೀರು ಕುಡೀರಿ, ಗಾಡಿ ಕೀ ಯಾರಿಗಾದ್ರೂ ಕೊಡಿ. ಕಾಫಿ, ಎನರ್ಜಿ ಡ್ರಿಂಕ್ ಬೇಡ. ನಿಂಬೆಹಣ್ಣು, ಮಜ್ಜಿಗೆಗೆ ಆಲ್ಕೋಹಾಲ್ ಇಳಿಯಲ್ಲ. ಎದೆನೋವು, ಫಿಟ್ಸ್, ತಲೆಸುತ್ತಿ ಬೀಳೋದು, ಎಬ್ಬಿಸಿದ್ರೂ ಏಳ್ದೇ ಇರೋದು ಕಂಡ್ರೆ 108ಕ್ಕೆ ಫೋನ್ ಮಾಡಿ, ಬಂದೋರಿಗೆ ಎಣ್ಣೆ ಜೊತೆ ಮಾತ್ರೆ ಹೆಸ್ರೂ ಹೇಳಿ. ವಾಂತಿ ಮಾಡ್ತಿದ್ರೆ ಅಂಗಾತ ಬಿಡ್ಬೇಡಿ, ಪಕ್ಕಕ್ಕೆ ಮಲಗ್ಸಿ.

ದಿನಾ ಕುಡಿಯೋರು ಮಾತ್ರ ಇದನ್ನ ಓದಿ ಇವತ್ತೇ ಕುಡಿಯೋದನ್ನ ಧಡಕ್ಕಂತ ಬಿಟ್ಬಿಡ್ಬೇಡಿ, ಹಂಗೆ ಬಿಟ್ರೂ ಫಿಟ್ಸ್ ಬರಬಹುದು, ಡಾಕ್ಟ್ರನ್ನ ಕೇಳಿ ಬಿಡಿ. ಊರಲ್ಲಿ ಯಾರಿಗೂ ಗೊತ್ತಾಗ್ಬಾರ್ದು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.