ಶುರು ಮಾಡಿದ್ದು ಪ್ರಶ್ನೆಪತ್ರಿಕೆಯಿಂದ

ಕಾಸರಗೋಡಿನ ಒಂದು ಕಾಲೇಜಿನಲ್ಲಿ ಬಿಬಿಎ ಮತ್ತು ಕಾಮರ್ಸ್ ವಿಭಾಗದ ಮುಖ್ಯಸ್ಥನಾಗಿದ್ದೇನೆ. ಟೈಮ್ ಟೇಬಲ್, ರಜೆ ಅರ್ಜಿ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಫೈಲು, ಇಷ್ಟರಲ್ಲೇ ವರ್ಷ ಕಳೆದುಹೋಗುತ್ತದೆ. ಪಾಠ ಹೇಗೆ ನಡೀತಿದೆ, ಮಕ್ಕಳ ತಲೆಗೆ ಏನು ಹೋಯ್ತು ಅಂತ ಕೇಳುವ ಕೆಲಸ ಮಾತ್ರ ಯಾರ ಪಾಲಿಗೂ ಬರುವುದಿಲ್ಲ. ನನ್ನ ಪ್ರಕಾರ ಮುಖ್ಯಸ್ಥನ ನಿಜವಾದ ಕೆಲಸ ಅದೇ. ಅದಕ್ಕೆ ನಾವು ಹೇಗೆ ಕೈ ಹಾಕಿದೆವು ಅಂತ ಬರೆಯುತ್ತೇನೆ.

ನಮ್ಮದು ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿ. ಸಿಲೆಬಸ್ ಅಲ್ಲಿಂದ ಬರುತ್ತದೆ, ಸೆಮಿಸ್ಟರ್ ಕೊನೆಯ ಪರೀಕ್ಷೆಯೂ ಅಲ್ಲಿಯದೇ. ನಮ್ಮ ಕೈಯಲ್ಲಿರುವುದು ಇಂಟರ್ನಲ್ ಟೆಸ್ಟು, ಅಸೈನ್‌ಮೆಂಟು, ಮತ್ತೆ ತರಗತಿಯ ಆ ಒಂದು ಗಂಟೆ. ಅಷ್ಟೇ ಸಾಕು ಅನ್ನಿಸಿತು ನನಗೆ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂತು, ಅದೇ ವರ್ಷ ಬಿಬಿಎಯೂ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇ ಕೆಳಗೆ ಹೋಯಿತು. ಕೋರ್ಸ್ ಔಟ್‌ಕಮ್, ಅಂದರೆ ಕೋರ್ಸ್ ಮುಗಿಯುವಾಗ ವಿದ್ಯಾರ್ಥಿಗೆ ಏನೇನು ಬರಬೇಕು ಅಂತ ಬರೆಯುವ ಕಾಗದದ ಕೆಲಸ ಜಾಸ್ತಿ ಆಯ್ತು ಅಂತ ಎಲ್ಲರಿಗೂ ಬೇಸರ. ನಾನು ಆ ಕಾಗದವನ್ನೇ ಹಿಡಿದುಕೊಂಡೆ.

ಒಂದು ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಇಂಟರ್ನಲ್ ಪ್ರಶ್ನೆಪತ್ರಿಕೆ ತಂದು ಮೇಜಿನ ಮೇಲೆ ಇಟ್ಟೆವು, ಪಕ್ಕದಲ್ಲಿ ಆ ವಿಷಯದ ಔಟ್‌ಕಮ್. ಔಟ್‌ಕಮ್‌ನಲ್ಲಿ ವಿದ್ಯಾರ್ಥಿ ವಿಶ್ಲೇಷಣೆ ಮಾಡಬಲ್ಲ, ನಿರ್ಧಾರ ತೆಗೆದುಕೊಳ್ಳಬಲ್ಲ ಅಂತ ಇದೆ. ಪ್ರಶ್ನೆಯಲ್ಲಿ ವರ್ಕಿಂಗ್ ಕ್ಯಾಪಿಟಲ್ ಎಂದರೇನು, ವಿಧಗಳನ್ನು ವಿವರಿಸಿ ಅಂತ ಇದೆ. ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ ಅವರ ತಂಡ 1956ರಲ್ಲೇ ಕಲಿಕೆಯನ್ನು ಆರು ಮೆಟ್ಟಿಲಾಗಿ ಬಿಡಿಸಿಟ್ಟಿತ್ತು, ಬಿ.ಎಡ್. ಮಾಡಿದವರೆಲ್ಲ ಅದನ್ನು ಓದಿದವರೇ. ನಮ್ಮ ಪ್ರಶ್ನೆಗಳು ನೆನಪಿಟ್ಟುಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು ಅನ್ನುವ ಕೆಳಗಿನ ಎರಡು ಮೆಟ್ಟಿಲಲ್ಲೇ ನಿಂತಿದ್ದವು. ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ, ಕಣ್ಣೆದುರೇ ಇತ್ತಲ್ವಾ.

ಅವತ್ತು ಒಂದು ಒಪ್ಪಂದಕ್ಕೆ ಬಂದೆವು. ಪ್ರತಿ ಇಂಟರ್ನಲ್‌ನಲ್ಲೂ ಒಂದು ಪ್ರಶ್ನೆಯಾದರೂ 'ನೀವಾಗಿದ್ದರೆ ಏನು ಮಾಡುತ್ತೀರಿ, ಯಾಕೆ' ಅಂತ ಕೇಳಬೇಕು, ಮತ್ತು ಪತ್ರಿಕೆ ಪ್ರಿಂಟ್‌ಗೆ ಹೋಗುವ ಮೊದಲು ಇನ್ನೊಬ್ಬ ಟೀಚರ್ ಅದನ್ನು ಓದಬೇಕು.

ಪ್ರಶ್ನೆ ಬದಲಾದರೆ ಪಾಠವೂ ಬದಲಾಗಲೇಬೇಕು, ಕೇಸ್, ಅಂದರೆ ನಿರ್ಧಾರ ತೆಗೆದುಕೊಳ್ಳಬೇಕಾದ ಒಂದು ವ್ಯವಹಾರದ ಸನ್ನಿವೇಶ ಇಟ್ಟುಕೊಂಡು ಕಲಿಸಬೇಕು. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 1920ರ ದಶಕದಿಂದ ಮಾಡಿಕೊಂಡು ಬಂದಿರುವ ಕ್ರಮ ಅದು. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳ ಕೈಗೆ ಅಮೆರಿಕದ ಕಂಪನಿಯ ಇಪ್ಪತ್ತು ಪುಟ ಕೊಟ್ಟರೆ, ನಿರ್ಧಾರದ ಮಾತು ಹಾಗಿರಲಿ, ಇಂಗ್ಲಿಷಿನಲ್ಲೇ ಸುಸ್ತಾಗುತ್ತಾರೆ. ಹಾಗಾಗಿ ಊರಿನ ವ್ಯವಹಾರದ ಮೇಲೆ ನಾವೇ ಒಂದೊಂದು ಪುಟದ ಕೇಸ್ ಬರೆದೆವು.

ಮೊದಲನೆಯದು ಅಡಿಕೆ. ಒಂದು ಮನೆಯಲ್ಲಿ ಹತ್ತು ಕ್ವಿಂಟಾಲ್ ಹೊಸ ಅಡಿಕೆ ಇದೆ, ಕಿಲೋಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಈಗಲೇ ಮಾರುವುದಾ, ವರ್ಷ ಇಟ್ಟು ಚೋಲ್ (ಹಳೆ ಅಡಿಕೆ) ಮಾಡಿ ಮಾರುವುದಾ? ಈಗ ಮಾರಿದರೆ ಸಿಗುವ ನಾಲ್ಕು ಲಕ್ಷದ ಮೇಲೆ 9 ಪರ್ಸೆಂಟ್ ಬಡ್ಡಿ ಹಿಡಿದರೆ 36,000 ಆಯಿತು. ಒಣಗಿ ತೂಕ 2 ಪರ್ಸೆಂಟ್ ಕಡಿಮೆ ಆದರೆ ಉಳಿಯುವುದು 980 ಕಿಲೋ. ಅಂದರೆ ಮುಂದಿನ ವರ್ಷ ಕಿಲೋಗೆ ಹತ್ತಿರ ಹತ್ತಿರ 445 ಸಿಕ್ಕಿದರೆ ಮಾತ್ರ ಸಮಕ್ಕೆ ಸಮ. ಹುಳ ಹಿಡಿದದ್ದು, ಪಟೋರ (ಕಡಿಮೆ ದರ್ಜೆಯ ಅಡಿಕೆ) ಆದದ್ದು ಇದರಲ್ಲಿ ಸೇರಿಲ್ಲ. ಲೆಕ್ಕ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು: "ಸರ್, ನಮ್ಮಲ್ಲಿ ಅಜ್ಜ ಅಡಿಕೆ ಇಡುವುದು ರೇಟಿಗೆ ಅಲ್ಲ. ಆಸ್ಪತ್ರೆ, ಮದುವೆ ಅಂತ ಬಂದರೆ ಒಂದು ಗೋಣಿ ತೆಗೆದು ಕೊಡ್ತಾರೆ. ಅದು ನಮ್ಮ ಬ್ಯಾಂಕು." ಲಿಕ್ವಿಡಿಟಿ, ಅಂದರೆ ಬೇಕೆಂದಾಗ ಕೈಗೆ ದುಡ್ಡು ಸಿಗುವುದರ ಬಗ್ಗೆ ನಾನು ಹೇಳಬೇಕಿದ್ದ ಪಾಠ ಅವಳೇ ಹೇಳಿ ಕೂತಳು. ಉಳಿದ ಗಂಟೆಯೆಲ್ಲ ಅದರ ಮೇಲೆಯೇ ಜಗಳ. ಅಡಿಕೆಗಿಂತ ಎಫ್‌ಡಿ ವಾಸಿ ಅಂದವರೂ ಇದ್ದರು.

ಆಮೇಲೆ ಕ್ಯಾಂಪ್ಕೋ ಬಗ್ಗೆ ಒಂದು ಕೇಸ್ ಬಂತು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿ ಯಾಕೆ ತೆರೆಯಿತು? ಅಡಿಕೆ ತೋಟದ ಮಧ್ಯೆ ಬೆಳೆಯುವ, ಚಾಕಲೇಟಿಗೆ ಬೇಕಾದ ಕೊಕ್ಕೊ ಕೊಳ್ಳುವವರೇ ಇಲ್ಲದೆ ಬೆಲೆ ಬಿದ್ದ ಕಾಲವನ್ನು ಮನೆಯ ಹಿರಿಯರ ಹತ್ತಿರ ಕೇಳಿಕೊಂಡು ಬನ್ನಿ ಅಂದೆವು. ಸ್ಟ್ರಾಟಜಿ ಪೇಪರಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಗೊತ್ತಿಲ್ಲ.

ಭಾಷೆಗೆ ಒಂದು ಕ್ರಮ ಮಾಡಿಕೊಂಡೆವು. ಗುಂಪಿನಲ್ಲಿ ಚರ್ಚೆ ಕನ್ನಡ, ಮಲಯಾಳಂ, ತುಳು ಯಾವುದರಲ್ಲಾದರೂ ಆಗಲಿ. ಬೋರ್ಡಿನ ಮೇಲೆ ಪದಗಳು ಇಂಗ್ಲಿಷಿನಲ್ಲಿ. ಕೊನೆಯ ಹದಿನೈದು ನಿಮಿಷ ತಮ್ಮ ನಿರ್ಧಾರವನ್ನು ಇಂಗ್ಲಿಷಿನಲ್ಲೇ ಬರೆದು ಕೊಡಬೇಕು. ಮೊದಲು ಯೋಚನೆ ಗಟ್ಟಿ ಆದರೆ ಭಾಷೆ ಹಿಂದಿನಿಂದ ಬರುತ್ತದೆ, ಇದನ್ನು ನಾನು ಉತ್ತರಪತ್ರಿಕೆಗಳಲ್ಲಿ ನೋಡಿದ್ದೇನೆ.

ಕಷ್ಟ ಆದದ್ದು ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಕೂರುವ ವಿಷಯ. ಇನ್‌ಸ್ಪೆಕ್ಷನ್ ಅನ್ನುವ ಭಯ ಎಲ್ಲರಿಗೂ ಉಂಟು. ಅದಕ್ಕೆ ಮೊದಲು ನನ್ನ ಕ್ಲಾಸನ್ನೇ ತೆರೆದಿಟ್ಟೆ, ಎಲ್ಲರಿಗಿಂತ ಕಿರಿಯ ಟೀಚರನ್ನೇ ಕರೆದೆ. ಅವರು ಬರೆಯಬೇಕಾದದ್ದು ಎರಡೇ: ಮಕ್ಕಳು ಯಾವಾಗ ಯೋಚನೆ ಮಾಡುತ್ತಿದ್ದರು, ಯಾವಾಗ ಸುಮ್ನೆ ಬರೆದುಕೊಳ್ಳುತ್ತಿದ್ದರು. ಆ ಹಾಳೆ ಯಾವ ಫೈಲಿಗೂ ಹೋಗುವುದಿಲ್ಲ, ಪ್ರಿನ್ಸಿಪಾಲರ ಮೇಜಿಗೂ ಹೋಗುವುದಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ನೇರವಾಗಿ ಹೇಳಿದರು: "ನನ್ನ ಕ್ಲಾಸಿಗೆ ಯಾರೂ ಬರುವುದು ಬೇಡ ಮಾರಾಯ್ರೆ." ಸರಿ ಅಂದೆ. ಅವರ ಬಾಗಿಲು ಇವತ್ತಿಗೂ ಮುಚ್ಚಿಯೇ ಇದೆ. ಆದರೆ ಪ್ರಶ್ನೆಪತ್ರಿಕೆ ತಿದ್ದುವುದರಲ್ಲಿ ವಿಭಾಗದಲ್ಲಿ ಅವರನ್ನು ಮೀರಿಸುವವರಿಲ್ಲ, ಎಲ್ಲರೂ ಅವರ ಹತ್ತಿರವೇ ಹೋಗುತ್ತಾರೆ. ಅಷ್ಟು ಸಿಕ್ಕಿದ್ದು ದೊಡ್ಡದು.

ಗೆಸ್ಟ್ ಲೆಕ್ಚರರುಗಳು ವರ್ಷ ವರ್ಷ ಬದಲಾಗುತ್ತಾರೆ. ಹಾಗಾಗಿ ಪ್ರತಿ ಕೇಸಿನ ಜೊತೆ ಕಲಿಸುವವರಿಗೆ ಒಂದು ಟಿಪ್ಪಣಿ ಇಟ್ಟಿದ್ದೇವೆ: ಯಾವ ಪ್ರಶ್ನೆಯಿಂದ ಶುರು ಮಾಡಬೇಕು, ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾವ ಲೆಕ್ಕವನ್ನು ಅವರಿಗೇ ಬಿಡಬೇಕು. ಹೊಸಬರು ಬಂದ ದಿನವೇ ಅದು ಅವರ ಕೈಗೆ ಸಿಗುತ್ತದೆ. ಅಡಿಕೆ ದರವನ್ನು ಮಾತ್ರ ಪ್ರತಿ ವರ್ಷ ಮಾರ್ಕೆಟ್ ನೋಡಿ ಬದಲಾಯಿಸಿಕೊಳ್ಳಬೇಕು.