ಫೋನ್ ಇಂಟರ್‌ವ್ಯೂ ಮುಗೀತು, ಈಗ ಮೇಲ್ ಬರೀರಿ

ಫೋನ್ ಇಟ್ಟ ಕೂಡ್ಲೆ ಅವ್ವಗ ಹೇಳಾಕ ಅಡಗಿಮನಿಗೆ ಓಡಬ್ಯಾಡ್ರಿ. ಹತ್ತು ನಿಮಿಷ ಪೆನ್ನು ಹಿಡ್ಕೊಂಡು ಕೂಡ್ರಿ. ಏನು ಕೇಳಿದ್ರು, ನೀವು ಏನಂದ್ರಿ, ಎಲ್ಲಿ ತಡವರಿಸಿದ್ರಿ, ಯಾವ ಮಾತಿಗೆ ಅವರು 'ಹಾಂ, ಇದ ಬೇಕಿತ್ತು' ಅಂದ್ರು, ಎಲ್ಲಾ ಗೀಚಿಡ್ರಿ. ಎದುರಿಗೆ ಕುಂತ ಇಂಟರ್‌ವ್ಯೂದಾಗ ನಿಮ್ಮ ಮಾರಿ ಆದ್ರೂ ನೆನಪುಳಿತೈತಿ. ಫೋನಿನ್ಯಾಗ ನೀವು ಬರೇ ಒಂದು ದನಿ, ಅದೂ ಅವತ್ತು ಅವರು ಕೇಳಿದ ಎಷ್ಟೋ ದನಿಯೊಳಗ ಒಂದು. ಬರೇ 'ಥ್ಯಾಂಕ್ಯೂ ಸರ್' ಅಂತ ಕಳಿಸಿದ್ರ ಇದು ಯಾರ ಥ್ಯಾಂಕ್ಯೂ ಅಂತ ಅವರಿಗೆ ಹೊಳೆಯೂದಿಲ್ಲ. ಆ ಕರೆಯೊಳಗಿನ ಒಂದು ಮಾತರ ಮೇಲ್‌ನ್ಯಾಗ ಇರಬೇಕು.

ನಂದ ಹೇಳ್ತೀನಿ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯೊಳಗ, ಅಂದ್ರ ಲೋಹ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯೂ ಕಾರ್ಖಾನ್ಯಾಗ, ಕ್ವಾಲಿಟಿ ನೋಡ್ಕೊಂತಿದ್ದೆ. ಪುಣೆದಿಂದ ಫೋನ್ ಬಂತು. ಟಿಳಕವಾಡಿಯ ರೂಮಿನ್ಯಾಗ ನೆಟ್‌ವರ್ಕ್ ಇಲ್ಲ, ಮಾಳಗಿ ಮ್ಯಾಲ ನಿಂತು ಮಾತಾಡಿದೆ. ನಡುವ ರೈಲು ಬ್ಯಾರೆ ಕೂಗ್ತು. ಅವರು ಮರಾಠಿಯೊಳಗ ಸುರು ಮಾಡಿ, ಹಿಂದಿಗೆ ಹೊಳ್ಳಿ, ಇಂಗ್ಲಿಷಿನ್ಯಾಗ ಮುಗಿಸಿದ್ರು. ಬೆಳಗಾವ್ಯಾಗ ಬೆಳದವರಿಗೆ ಅದೇನು ಕಷ್ಟ ಅಲ್ಲ. ಕಷ್ಟ ಆಗಿದ್ದು ಪ್ರಶ್ನೆ: 'ಕಾಸ್ಟಿಂಗ್‌ನ್ಯಾಗ ಬ್ಲೋಹೋಲ್ ಬರಾಕತ್ರ ಏನು ಮಾಡ್ತೀರಿ?' ಕಾಸ್ಟಿಂಗ್ ಅಂದ್ರ ಅಚ್ಚಿನ್ಯಾಗ ಹೊಯ್ದು ತಗದ ಸಾಮಾನು, ಬ್ಲೋಹೋಲ್ ಅಂದ್ರ ಅದರಾಗ ಬೀಳೂ ತೂತು. 'ರೈಸರ್ ದೊಡ್ಡದು ಮಾಡ್ತೀನಿ' ಅಂದುಬಿಟ್ಟೆ.

ಫೋನ್ ಇಟ್ಟ ಮ್ಯಾಲ ಹಣಿ ಹಣಿ ಬಡ್ಕೊಂಡೆ. ರೈಸರ್ ಅಂದ್ರ ಅಚ್ಚಿನ್ಯಾಗ ಹೆಚ್ಚಿನ ರಸ ಕೂಡಿಡೂ ಜಾಗ, ಅದು ಮದ್ದಾಗೂದು ಶ್ರಿಂಕೇಜ್‌ಗೆ. ಲೋಹ ಆರಿ ಕುಗ್ಗೂವಾಗ ಅದಕ್ಕ ಹೊಸಾ ರಸ ಸಿಗಲಿಲ್ಲಂದ್ರ ಒಳಗ ಒರಟು ತೂತು ಬೀಳ್ತಾವು. ಬ್ಲೋಹೋಲ್ ಹಂಗಲ್ಲ, ಅದು ಗ್ಯಾಸಿಂದು, ಒಳಮೈ ನುಣ್ಣಗಿರ್ತೈತಿ. ಅಲ್ಲಿ ನೋಡಬೇಕಾದ್ದು ಮರಳಿನ ಹಸಿ, ಗ್ಯಾಸ್ ಹೊರಗ ಹೋಗೂ ವೆಂಟು. ದಿನಾ ಕೈಯಾಗ ಹಿಡಿದು ನೋಡೂದನ್ನ ತಪ್ಪು ಹೇಳಿದ್ದೆ!

ಮೇಲ್ ಇರೂದ ಇದಕ್ಕ. ತಪ್ಪಿದ ಒಂದು ಉತ್ತರ ತಿದ್ದಬಹುದು. ಒಂದ, ನೆನಪಿಡ್ರಿ. ಐದು ಉತ್ತರ ತಿದ್ದಾಕ ಕುಂತ್ರ ಐದೂ ಬರೂದಿಲ್ಲ ಅಂತ ನೀವಾಗೇ ಬರಕೊಟ್ಟಂಗ.

ಮೇಲ್ ಇಂಗ್ಲಿಷಿನ್ಯಾಗ ಹೋಗಬೇಕಂದ್ರೂ ಮೊದಲು ಕನ್ನಡದಾಗ ಬರಕೋರಿ. ಸೀದಾ ಇಂಗ್ಲಿಷಿಗೆ ಕೈ ಹಾಕಿದ್ರ ಸಾಲಿಯೊಳಗ ಕಲ್ತ ರಜಾ ಅರ್ಜಿ ಹೊರಗ ಬರ್ತೈತಿ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಮ್ರವಾಗಿ' ಅನ್ನೂದು. ನಾ ಬರದಿದ್ದು ಹೆಚ್ಚುಕಡಿಮಿ ಹಿಂಗಿತ್ತು:

ವಿಷಯ: ಕ್ವಾಲಿಟಿ ಇಂಜಿನಿಯರ್ ಹುದ್ದೆ, ಮಂಗಳವಾರದ ಫೋನ್ ಸಂದರ್ಶನ

'ನಮಸ್ಕಾರ. ಇಂದು ಬೆಳಿಗ್ಗೆ ಸಮಯ ಕೊಟ್ಟು ಮಾತನಾಡಿದ್ದಕ್ಕೆ ಧನ್ಯವಾದ. ಹೊಸ ಮೋಲ್ಡಿಂಗ್ ಲೈನಿನಲ್ಲಿ ರಿಜೆಕ್ಷನ್ ಇಳಿಸುವುದು ಮೊದಲ ಕೆಲಸ ಎಂದಿರಿ. ಈಗಿರುವ ಕಡೆಯೂ ನಾನು ಅದನ್ನೇ ಮಾಡುತ್ತಿರುವುದರಿಂದ ಆಸಕ್ತಿ ಹೆಚ್ಚಾಯಿತು. ಬ್ಲೋಹೋಲ್ ಪ್ರಶ್ನೆಗೆ ನಾನು ಹೇಳಿದ್ದು ಶ್ರಿಂಕೇಜ್‌ನ ಉತ್ತರ. ಬ್ಲೋಹೋಲ್ ಬಂದರೆ ಮೊದಲು ಮರಳಿನ ತೇವಾಂಶ ಮತ್ತು ವೆಂಟಿಂಗ್ ಪರೀಕ್ಷಿಸುತ್ತೇನೆ. ಬೇರೆ ದಾಖಲೆ ಬೇಕಿದ್ದರೆ ತಿಳಿಸಿ, ಕಳಿಸುತ್ತೇನೆ.'

ಕೆಳಗ ಹೆಸರು, ಫೋನ್ ನಂಬರ್. ಮುಗೀತು. ಪಗಾರದ ಮಾತು ಇದರಾಗ ಬ್ಯಾಡ. ಕೇಳದ ಹೊರತು ಬಯೋಡೇಟಾ ಮತ್ತೊಮ್ಮೆ ಅಂಟಿಸೂದೂ ಬ್ಯಾಡ.

ಯಾರಿಗೆ ಕಳಸೂದು? ಫೋನ್ ಇಡೂ ಮೊದಲ 'ನಿಮ್ಮ ಮೇಲ್ ಐಡಿ, ಹೆಸರಿನ ಸ್ಪೆಲಿಂಗ್ ಹೇಳ್ತೀರೇನ್ರಿ' ಅಂತ ಕೇಳ್ರಿ, ಯಾರೂ ಸಿಟ್ಟಾಗೂದಿಲ್ಲ. ಕೇಳೂದು ಮರತ್ರ, ಇಂಟರ್‌ವ್ಯೂ ಟೈಮ್ ತಿಳಿಸಿ ಬಂದ ಮೇಲ್‌ಗೇ ರಿಪ್ಲೈ ಮಾಡ್ರಿ. ಹೆಸರು ನೋಡಿ 'ಡಿಯರ್ ಮೇಡಂ' ಹೊಡೀಬ್ಯಾಡ್ರಿ. ನಮ್ಮ ಕಡೆ ಜೈನರ ಮನ್ಯಾಗ ಶೀತಲ್ ಅನ್ನೂ ಗಂಡಸರು ಇರ್ತಾರ. ಅದು ಗೊತ್ತಿದ್ದೂ ನಾ ಒಮ್ಮೆ ಹಂಗ ಬರದು ನಾಚಿಕೊಂಡೀನಿ. ನಿಮ್ಮ ಹೆಸರೂ ಒಮ್ಮೆ ನೋಡ್ಕೋರಿ. ಕಾಲೇಜಿನ್ಯಾಗ ಗೆಳ್ಯಾ ತಗದುಕೊಟ್ಟ ಜಿಮೇಲ್‌ನ್ಯಾಗ 'ಬೆಳಗಾವಿ ಹುಲಿ' ಅಂತ ಇದ್ರ ಆ ಕಡೆ ಹುಲಿನ ಕಾಣತೈತಿ.

ಅವತ್ತ ಕಳಿಸಿದ್ರ ಚೊಲೊ, ತಡ ಅಂದ್ರ ಮರುದಿನ. ರಾತ್ರಿ ಹನ್ನೊಂದಕ್ಕ ಬರದಿದ್ರ ಶೆಡ್ಯೂಲ್ ಮಾಡಿ ಬೆಳಿಗ್ಗೆ ಒಂಬತ್ತಕ್ಕ ಹೋಗೂ ಹಂಗ ಇಡ್ರಿ. ಜಿಮೇಲ್ ಸೆಟ್ಟಿಂಗ್‌ನ್ಯಾಗ 'ಅನ್‌ಡೂ ಸೆಂಡ್' ಅಂತ ಐತಿ, ಅದನ್ನ 5 ಸೆಕೆಂಡಿನಿಂದ 30ಕ್ಕ ಏರಿಸ್ರಿ. ತಪ್ಪು ಕಾಣೂದು ಕಳಿಸಿದ ಮ್ಯಾಲ ನೋಡ್ರಿ, ಮೊದಲಲ್ಲ.

ಆಮ್ಯಾಲ ಸುಮ್ಮನಿರೂದು. ಇದ ಎಲ್ಲಕ್ಕಿಂತ ವಜ್ಜಿ ಕೆಲಸ. 'ಶುಕ್ರವಾರ ತಿಳಸ್ತೀವಿ' ಅಂದಿದ್ರ ಮುಂದಿನ ಮಂಗಳವಾರದ ತನಕ ತಡೀರಿ. ದಿನಾ ಹೇಳಿಲ್ಲಂದ್ರ ಒಂದು ವಾರ. ಆಗ ಅದ ಮೇಲ್‌ನ ಕೆಳಗ ಎರಡ ಸಾಲು: 'ಹುದ್ದೆಯ ನಿರ್ಧಾರ ಎಲ್ಲಿಗೆ ಬಂದಿದೆ ಎಂದು ತಿಳಿಸಿದರೆ ಅನುಕೂಲ. ನನ್ನ ಆಸಕ್ತಿ ಹಾಗೆಯೇ ಇದೆ.' ವಾಟ್ಸಾಪ್‌ನ್ಯಾಗ ಗುಡ್ ಮಾರ್ನಿಂಗ್ ಹೂವು ಕಳಿಸಿ ನೆನಪು ಮಾಡೂದು ಮಾತ್ರ ಬ್ಯಾಡ್ರಿ, ಕೈ ಮುಗೀತೀನಿ.

ನನಗ ಒಂಬತ್ತನೇ ದಿನಕ್ಕ ಫೋನ್ ಬಂತು. 'ಮರಳಿನ ತೇವಾಂಶ ಎಷ್ಟಿರಬೇಕು?' ಅಂತನ ಮಾತು ಸುರು ಮಾಡಿದ್ರು. ಈ ಸಲ ಮಾಳಗಿ ಮ್ಯಾಲ ಚೀಟಿ ಹಿಡ್ಕೊಂಡ ನಿಂತಿದ್ದೆ.