ಮೂರು ಕೆಜಿ ರಾಗಿ ಹಿಟ್ಟು, ಒಂದು ಬೇಬಿ ಸೀಟು

ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅಷ್ಟು ದಿನ ಕೂತು ಬರುತ್ತಿದ್ದದ್ದು ತೆಂಗಿನಕಾಯಿ. ಗುಬ್ಬಿ ಹತ್ತಿರದ ತೋಟದಿಂದ ತುಮಕೂರಿನ ಮನೆಗೆ ವಾರಕ್ಕೊಂದು ಸಲ ಕಾಯಿ ತುಂಬಿಕೊಂಡು ಬರೋದು, ಮಿಕ್ಕಂತೆ ಆಫೀಸು, ಮದುವೆ ಮನೆ. 2016ರ ಚಿಕ್ಕ ಕಾರು. ಹೆಂಡತಿಗೆ ಎಂಟು ತಿಂಗಳಾದಾಗ ಒಂದು ಭಾನುವಾರ ಅದನ್ನು ಒಳಗಿನಿಂದ ತೊಳೆಯೋಣ ಅಂತ ಕೂತೆ. ಸಂದಿಯಲ್ಲೆಲ್ಲ ತೆಂಗಿನ ನಾರು. ಸಿದ್ಧಗಂಗೆ ಜಾತ್ರೆಯ ಕಡ್ಲೆಪುರಿ, ಯಾವ ವರ್ಷದ್ದೋ ಏನೋ. ಆದರೆ ಸೀಟ್ ಬೆಲ್ಟ್ ಸಿಕ್ಕಿಸುವ ಬಕಲ್ ಮಾತ್ರ ಎಲ್ಲೂ ಇಲ್ಲ!

ಕೊನೆಗೆ ಗೊತ್ತಾಯಿತು. ಕಾರು ತಂದ ಹೊಸದರಲ್ಲಿ ಹಾಕಿಸಿದ್ದ ರೆಕ್ಸಿನ್ ಕವರ್‌ನವರು ಬಕಲ್‌ಗಳನ್ನು ಕವರಿನೊಳಕ್ಕೇ ತುರುಕಿಬಿಟ್ಟಿದ್ದರು. ಇಷ್ಟು ವರ್ಷ ಹಿಂದೆ ಕೂತವರು ಯಾರೂ ಬೆಲ್ಟ್ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕವರನ್ನೇ ಕಿತ್ತು ಹಾಕಿದೆ. ರೆಕ್ಸಿನ್ ಜಾರುತ್ತೆ, ಅದರ ಮೇಲೆ ಬೇಬಿ ಸೀಟು, ಅಂದರೆ ಮಗುವಿಗೆ ಅಂತಲೇ ಕಾರಿನ ಸೀಟಿಗೆ ಕಟ್ಟೋ ಚಿಕ್ಕ ಸೀಟು, ನಿಲ್ಲೋದೂ ಇಲ್ಲ.

ಬೇಬಿ ಸೀಟಿನ ಮಾತು ತೆಗೆದಾಗ ಅಮ್ಮ ನಕ್ಕಳು. "ನೀನು ಹುಟ್ಟಿದಾಗ ಬಸ್ಸಲ್ಲಿ ಮಡಿಲಲ್ಲಿ ಇಟ್ಕೊಂಡು ಬಂದೆ ಕಣೋ. ನಿನಗೇನಾಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನು ಹೇಳಿದೆ: 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕಾರಲ್ಲಿ ಕರೆದುಕೊಂಡು ಹೋದರೆ 1,000 ರೂಪಾಯಿ ದಂಡ. "ಯಾರಿಗೆ ಹಾಕಿದಾರೆ ತೋರಿಸು" ಅಂದಳು. ಅದಕ್ಕೂ ಉತ್ತರ ಇರಲಿಲ್ಲ.

ಹಾಗಾಗಿ ರಾಗಿ ಹಿಟ್ಟಿನ ಮೊರೆ ಹೋದೆ. ಮೂರು ಕೆಜಿ ಹಿಟ್ಟನ್ನು ಕವರಿಗೆ ಹಾಕಿ, ಹಳೇ ಕಾಟನ್ ಸೀರೆ ಸುತ್ತಿ, ಅಮ್ಮನ ಮಡಿಲಿಗೆ ಕೊಟ್ಟೆ. ಅಮ್ಮನಿಗೆ ಬೆಲ್ಟ್ ಹಾಕಿಸಿದೆ. ಕ್ಯಾತ್ಸಂದ್ರದ ಕಡೆ ಸೈಟು ಹಂಚಿಯೂ ಮನೆ ಏಳದ ಒಂದು ಲೇಔಟ್ ಇದೆ, ನಾಯಿ ಕೂಡ ಓಡಾಡಲ್ಲ. ಅಲ್ಲಿ ಮೂವತ್ತರ ವೇಗದಲ್ಲಿ ಹೋಗುತ್ತಾ, ಅಮ್ಮ ಅದೇನೋ ಮಾತಾಡ್ತಿದ್ದಾಗ, ಜೋರಾಗಿ ಬ್ರೇಕ್ ಒತ್ತಿದೆ. ಗಂಟು ಮೊಣಕಾಲ ಮೇಲಿಂದ ಜಾರಿ, ಮುಂದಿನ ಸೀಟಿಗೆ ಬಡಿದು, ಕೆಳಗೆ ಬಿತ್ತು. ಕವರ್ ಒಡೆದು ಹಿಟ್ಟೆಲ್ಲ ಮ್ಯಾಟ್ ಮೇಲೆ. ಹಿಂದಿನ ದಿನವಷ್ಟೇ ತೊಳೆದಿದ್ದೆ! ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ಬರೀ ಬ್ರೇಕು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಯಾವುದಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ನಿಂತರೆ, ಆ ಮೂರು ಕೆಜಿ ಹಿಡಿದುಕೊಳ್ಳೋದು 40 ಕೆಜಿ ಮೂಟೆ ಹಿಡಿದುಕೊಂಡ ಹಾಗೆ. ಯಾವ ತಾಯಿಯ ಕೈಗೂ ಅಷ್ಟು ಬಲ ಇರಲ್ಲ. ಈ ಲೆಕ್ಕ ಹೇಳೋ ಅಗತ್ಯವೇ ಬೀಳಲಿಲ್ಲ.

ಸೀಟು ಕೊಳ್ಳೋದು ಸುಲಭ. ಕಟ್ಟೋದೇ ಕಷ್ಟ. ಚಿಕ್ಕಪ್ಪನ ಮಗ ತನ್ನ ಹಳೇದು ಕೊಡ್ತೀನಿ ಅಂದ. ಅದು ಒಂದು ಅಪಘಾತ ಕಂಡಿತ್ತು ಅಂತ ನನಗೆ ಗೊತ್ತಿತ್ತು, ಬೇಡ ಅಂದೆ. ಬಿರುಕು ಹೊರಗೆ ಕಾಣಬೇಕು ಅಂತೇನಿಲ್ಲ. ಹೊಸದೇ ತಂದೆ, 13 ಕೆಜಿವರೆಗಿನ ಮಗುವಿನದು. ಸುರಕ್ಷತೆಯ ಪರೀಕ್ಷೆ ಪಾಸಾಗಿದೆ ಅನ್ನೋದಕ್ಕೆ ಹಿಂಬದಿಯ ಕಿತ್ತಳೆ ಸ್ಟಿಕರ್ ಮೇಲೆ ಸುತ್ತಿನೊಳಗೆ 'ಇ' ಗುರುತು, ಆರ್ 44/04 ಅನ್ನೋ ನಂಬರು ಇದೆಯಾ ಅಂತ ಮಾತ್ರ ಬಗ್ಗಿ ನೋಡಿದೆ. ಅಂಗಡಿಯವನು ತೋರಿಸಿದ್ದು ಮುಂದಕ್ಕೆ ಮುಖ ಮಾಡಿ. ಅದು ತಪ್ಪು. ಹಸುಗೂಸು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಅದರ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಇನ್ನೂ ಎಳೇದು. ಹಿಂದಕ್ಕೆ ಮುಖ ಇದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತೆ. ಇನ್ನು ಮುಂದಿನ ಸೀಟಿನ ಮಾತೇ ಬೇಡ. ಅಲ್ಲಿ ಏರ್‌ಬ್ಯಾಗ್ ಇದೆ. ಅದು ಬಿಚ್ಚಿಕೊಂಡರೆ ಗುದ್ದೋದು ನೇರ ಮಗುವಿನ ತಲೆಯ ಹಿಂದಕ್ಕೆ.

ಬೇಬಿ ಸೀಟನ್ನು ಬೆಲ್ಟ್ ಇಲ್ಲದೆ ನೇರ ಕಾರಿಗೇ ಸಿಕ್ಕಿಸೋ ಐಸೋಫಿಕ್ಸ್ ಕೊಕ್ಕೆ ನಮ್ಮ ಕಾರಲ್ಲಿ ಇಲ್ಲ, ಹಾಗಾಗಿ ಬೆಲ್ಟಲ್ಲೇ ಕಟ್ಟಬೇಕು. ಹಿಂದಿನ ಎಡಗಡೆ ಆರಿಸಿಕೊಂಡೆ. ಮಗುವನ್ನು ಫುಟ್‌ಪಾತ್ ಕಡೆಯಿಂದ ಇಳಿಸಬಹುದಲ್ವಾ, ಅದಕ್ಕೆ. ಸೀಟಿನ ಮೇಲಿನ ನೀಲಿ ಗುರುತಿನ ಜಾಡಿನಲ್ಲಿ ಸೊಂಟದ ಪಟ್ಟಿ, ಬೆನ್ನ ಹಿಂದೆ ಸುತ್ತಿ ಭುಜದ ಪಟ್ಟಿ. ಬೆಲ್ಟ್ ಪೂರ್ತಿ ಎಳೆದರೆ ನಾಲ್ಕು ಬೆರಳಷ್ಟು ಸಾಲದು! ಒಂದು ಸಂಜೆಯೆಲ್ಲ ಬೆವರು ಸುರಿಸಿದೆ. ಆಮೇಲೆ ನೋಡಿದರೆ ಮುರಿಗೆ ಬಿದ್ದಿತ್ತು. ಬಿಡಿಸಿದೆ, ಮೊಣಕಾಲು ಊರಿ ಸೀಟನ್ನು ಒತ್ತಿ ಹಿಡಿದು ಬೆಲ್ಟ್ ಎಳೆದೆ, ಟಕ್ ಅಂತ ಕೂತಿತು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಕದಲಬಾರದು.

ಸೀಟು ಎಷ್ಟು ಒರಗಿರಬೇಕು ಅನ್ನೋದು ಇನ್ನೊಂದು ತಲೆನೋವು. ತೀರಾ ನೆಟ್ಟಗಿದ್ದರೆ ಕೂಸಿನ ಗದ್ದ ಎದೆಗೆ ಬಿದ್ದು ಉಸಿರಿಗೆ ಅಡ್ಡ ಬರುತ್ತೆ. ಸುಮಾರು 45 ಡಿಗ್ರಿ ಬೇಕು. ಚೌಕದ ಕಾಗದ ಮೂಲೆಯಿಂದ ಮೂಲೆಗೆ ಮಡಚಿ ಆ ಓರೆಗೆ ಹಿಡಿದು ನೋಡಿದೆ. ನಮ್ಮ ಸೀಟಿನ ಕೈಪಿಡಿಯಲ್ಲೇ ಟವೆಲ್ ಇಡಬಹುದು ಅಂತಿತ್ತು. ಹಾಗಾಗಿ ಒಂದು ಟವೆಲ್ ಸುರುಳಿ ಮಾಡಿ, ಕಾರಿನ ಸೀಟಿನ ಬೆನ್ನು, ತಳ ಸೇರುವ ಸಂದಿಯಲ್ಲಿ, ಮಗುವಿನ ಕಾಲು ಬರುವ ಕಡೆ ಇಟ್ಟೆ. ಸರಿಹೋಯಿತು. ಎದೆ ಪಟ್ಟಿಗಳನ್ನು ಅಕ್ಕನ ಮಗಳ ಬೊಂಬೆಗೆ ಹಾಕಿ ಕಲಿತೆ. ಭುಜದ ಹತ್ತಿರ ಚಿವುಟಿದರೆ ಪಟ್ಟಿ ಮಡಿಕೆ ಬರಬಾರದು, ಅಷ್ಟು ಬಿಗಿ. ಅಮ್ಮನೂ ಬಂದು ಹಾಕಿ ಬಿಚ್ಚಿ ನೋಡಿದಳು. ಗುದ್ದಿದರೆ ಹಾರಿ ಬಂದೀತು ಅಂತ ಡ್ಯಾಶ್‌ಬೋರ್ಡ್ ಮೇಲಿನ ಹಿತ್ತಾಳೆ ಗಣಪನನ್ನು ನಾನು ಒಳಗಿಟ್ಟಾಗ ಮಾತ್ರ ಎರಡು ದಿನ ಮುನಿಸು.

ಹೆರಿಗೆ ಆಗಿದ್ದು ಚಿಕ್ಕಬಳ್ಳಾಪುರದಲ್ಲಿ, ಹೆಂಡತಿಯ ತವರು. ಆಸ್ಪತ್ರೆಯಿಂದ ಮನೆಗೆ ಬಿ.ಬಿ. ರಸ್ತೆಯಲ್ಲಿ ಹತ್ತು ನಿಮಿಷ. ಅತ್ತೆ ಮಗುವನ್ನು ಎರಡು ಬಟ್ಟೆಯಲ್ಲಿ ಗಟ್ಟಿಯಾಗಿ ಸುತ್ತಿ ತಂದಿದ್ದರು. ಕಾಲ ನಡುವೆ ಪಟ್ಟಿ ಹಾಯಬೇಕು, ಸುತ್ತಿದರೆ ಆಗಲ್ಲ. "ಅಳಿಯಂದ್ರೇ, ಶೀತ ಆಗುತ್ತೆ" ಅಂದರು. ಬಟ್ಟೆ ಬಿಚ್ಚಿ, ಪಟ್ಟಿ ಹಾಕಿ, ಅದೇ ಬಟ್ಟೆಯನ್ನು ಮೇಲೆ ಹೊದಿಸಿದೆ. "ರೀ, ನಿಧಾನ" ಅಂತ ಹೆಂಡತಿ ಪ್ರತಿ ರೋಡ್ ಹಂಪ್‌ಗೂ ಹೇಳಿದಳು. ಸೈಕಲ್‌ಗಳೂ ನಮ್ಮನ್ನು ದಾಟಿ ಹೋದವು.

ಬಾಣಂತನ ಮುಗಿದು ಮೂರನೇ ತಿಂಗಳಲ್ಲಿ ತುಮಕೂರಿಗೆ ಹೊರಟೆವು, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ. ಬಿಸಿಲೇರುವ ಮುಂಚೆ ತಲುಪೋಣ ಅಂತ ಬೆಳಿಗ್ಗೆ ಆರೂವರೆಗೇ. ಗಾಜಿಗೆ ಫಿಲ್ಮ್ ಅಂಟಿಸಿರಲಿಲ್ಲ, 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದಿತ್ತು. ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ನಾವು ಪಶ್ಚಿಮಕ್ಕೆ ಹೋಗ್ತಿದ್ದೆವು, ಸೂರ್ಯ ನಮ್ಮ ಬೆನ್ನಿಗೆ. ಆದರೆ ಹಿಂದಕ್ಕೆ ಮುಖ ಮಾಡಿದ್ದ ಮಗಳಿಗೆ ಹಿಂದಿನ ಗಾಜಿನಿಂದ ನೇರ ಕಣ್ಣಿಗೇ! ಊರು ದಾಟುವಷ್ಟರಲ್ಲಿ ಅಳು ಶುರು. ನಿಲ್ಲಿಸಿ ಬೇಬಿ ಸೀಟಿನ ನೆರಳಿನ ಕಮಾನು ಮುಂದಕ್ಕೆ ಎಳೆದ ಮೇಲೆ ನಿದ್ದೆ ಹೋದಳು. ದೊಡ್ಡಬಳ್ಳಾಪುರದಲ್ಲಿ ಇಳಿಸಿ, ಹಾಲು ಕುಡಿಸಿ, ಬೆನ್ನು ನೇರ ಮಾಡಿ ಮತ್ತೆ ಕೂರಿಸಿದೆವು. ಎಳೆ ಕೂಸನ್ನು ಆ ಸೀಟಲ್ಲಿ ಗಂಟೆಗಟ್ಟಲೆ ಮಲಗಿಸಬಾರದು.

ಮನೆ ಮುಂದೆ ಅಮ್ಮ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ನಾನು ಇಳಿದು ಆ ಕಡೆ ಬಾಗಿಲಿಗೆ ಬರುವಷ್ಟರಲ್ಲಿ ತಟ್ಟೆಯನ್ನು ಕಾಂಪೌಂಡ್ ಗೋಡೆ ಮೇಲಿಟ್ಟು, ಬಗ್ಗಿ, ಕೆಂಪು ಬಟನ್ ತಾನೇ ಒತ್ತಿ ಪಟ್ಟಿ ಬಿಚ್ಚಿಯಾಗಿತ್ತು.